ಇಳಿಜಾರಿನ ಎತ್ತು

ನಾನು ಮೂವತ್ತು ವರ್ಷ ಪೀಣ್ಯದಲ್ಲಿ ದುಡಿದೆ. ಅಲ್ಲಿ ಏನು ಮಾಡುತ್ತಿದ್ದೆ ಎಂಬುದು ಮಾತ್ರ ನಮ್ಮೂರ ಕಡೆ ಇವತ್ತಿಗೂ ಯಾರಿಗೂ ತಿಳಿದಿಲ್ಲ. ತಗಡು ಒತ್ತುವ ಪ್ರೆಸ್ಸುಗಳಿಗೆ ಹೈಡ್ರಾಲಿಕ್ ಸರ್ಕ್ಯೂಟು ಬರೆಯುವುದು ನನ್ನ ಕೆಲಸ ಎಂದು ಅಕ್ಕನಿಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದೆ. ಅವಳು ಅದರಲ್ಲಿ 'ಎಣ್ಣೆ' ಎಂಬೊಂದು ಮಾತನ್ನಷ್ಟೇ ಹಿಡಿದುಕೊಂಡು, 'ನನ್ ತಮ್ಮ ಎಣ್ಣೆ ಕಂಪನೀಲಿ ದೊಡ್ಡ ಕೆಲಸದಲ್ಲವ್ನೆ' ಎಂದು ನೆಂಟರಿಷ್ಟರಿಗೆಲ್ಲ ಸಾರಿಬಿಟ್ಟಳು. ಮದುವೆಮನೆಗಳಲ್ಲಿ ಯಾರಾದರೂ ನನ್ನನ್ನು ಪಕ್ಕಕ್ಕೆ ಕರೆದು, ಕಡಲೇಕಾಯಿ ಎಣ್ಣೆ ಡಬ್ಬ ಸಗಟು ದರದಲ್ಲಿ ಸಿಗುತ್ತದೆಯೇ ಎಂದು ಕೇಳುವುದು ಅಭ್ಯಾಸವಾಗಿಹೋಗಿತ್ತು.

ನನ್ನ ವಿದ್ಯೆ ಏನೆಂದು ಸರಿಯಾಗಿ ಅರ್ಥ ಮಾಡಿಕೊಂಡಿದ್ದವರು ಭಾವ ಒಬ್ಬರೇ. ಅದು ನನಗೆ ಗೊತ್ತಾಗಿದ್ದು ನಾನು ನಿವೃತ್ತನಾದ ಮೂರನೇ ತಿಂಗಳಿಗೆ, ಬೆಳಗಿನ ಆರು ಗಂಟೆಗೆ ಬಂದ ಫೋನಿನಲ್ಲಿ.

'ಒಂದು ಬೋರ್ ಗಾಡಿ ಮಾಡಣ ಕಣಯ್ಯ. ಸಣ್ಣದು. ನೀನು ಹೈಡ್ರಾಲಿಕ್ ಬರಕೊಡು, ಮಿಕ್ಕಿದ್ದು ನಾನು ನೋಡ್ಕತೀನಿ.'

ಬೋರ್ ಲಾರಿಗಳ ಮೇಲೆ ಭಾವನಿಗೆ ಇರುವ ಸಿಟ್ಟು ಹಳೆಯದು. ನಾಲ್ಕು ಬೋರು ಕೊರೆಸಿ ಮೂರರಲ್ಲಿ ಬರೀ ಬಿಳಿ ಧೂಳು ಕಂಡವರು ಅವರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಪಾಯಿಂಟು ತೋರಿಸಿದವನಿಗೆ ದಕ್ಷಿಣೆ, ಪೂಜೆಗೆ ಖರ್ಚು, ಆಮೇಲೆ ಅಡಿಗಿಷ್ಟು ಎಂದು ಏರುತ್ತಾ ಹೋಗುವ ದರ. ತಮಿಳುನಾಡಿನ ನಂಬರಿನ ಎರಡು ಲಾರಿ ಬರುತ್ತವೆ, ಒಂದರ ಮೇಲೆ ರಿಗ್ಗು, ಇನ್ನೊಂದರ ಮೇಲೆ ಕಂಪ್ರೆಸರ್ರು. ತಿರುಚೆಂಗೋಡಿನ ಈ ಗಾಡಿಗಳು ನೋಡದ ಊರು ಈ ದೇಶದಲ್ಲಿ ಕಡಿಮೆ, ಆಫ್ರಿಕಾದಲ್ಲೂ ಇವೆ. ಇಪ್ಪತ್ತು ಬಾರ್‌ಗೂ ಮೀರಿದ ಒತ್ತಡದ ಗಾಳಿ ರಾಡಿನೊಳಗಿಂದ ಇಳಿದು ತಳದ ಹ್ಯಾಮರನ್ನು ಬಡಿಸುತ್ತದೆ, ಬಂಡೆ ಹಿಟ್ಟಾಗಿ ಮೇಲೆ ಹಾರುತ್ತದೆ. ರಾತ್ರಿಯೆಲ್ಲ ಆ ಸದ್ದು ಕೇಳುತ್ತಾ, ಅಡಿಯ ಲೆಕ್ಕ ಬರೆಯುತ್ತಾ, ಒಂಬೈನೂರಾದ ಮೇಲೆ ನಿಲ್ಲಿಸಿ ಅನ್ನಲೂ ಆಗದೆ, ಮುಂದಕ್ಕೆ ಹೋಗಿ ಅನ್ನಲೂ ಆಗದೆ ಕೂತ ರೈತನ ಮುಖ ನೋಡಿದವರಿಗೆ ಭಾವನ ಸಿಟ್ಟು ಅರ್ಥವಾಗುತ್ತದೆ.

ಆದರೆ ಸಿಟ್ಟೊಂದರಿಂದಲೇ ಯಾರೂ ರಿಗ್ಗು ಕಟ್ಟಲು ಹೊರಡುವುದಿಲ್ಲ. ಭಾವನ ಜಮೀನು ಜಯಮಂಗಲಿಯ ದಂಡೆಗೆ ಹತ್ತಿರ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹಾದು ಉತ್ತರ ಪಿನಾಕಿನಿ ಸೇರುವ ಈ ಹೊಳೆಯನ್ನು ನಾನು ನನ್ನ ಪ್ರಾಯದಲ್ಲಿ ಬಹುಪಾಲು ಮರಳಾಗಿಯೇ ಕಂಡವನು. 2022ರ ಮಳೆಗೆ ಅದು ದಂಡೆ ಮೀರಿ ಹರಿಯಿತು. ಮೂವತ್ತು ವರ್ಷದಿಂದ ಕಸ ತುಂಬಿಕೊಂಡಿದ್ದ ತೆರೆದ ಬಾವಿಗಳಲ್ಲಿ ನೀರು ಏರಿತು. ಹಳ್ಳದ ಬದಿಯ ತಲಪರಿಗೆಯಲ್ಲೂ ಒದ್ದೆ ಕಂಡಿತು. ನಮ್ಮ ಕಡೆಯವರಿಗೆ ತಲಪರಿಗೆ ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಮರಳಿನಡಿಯಿಂದ ತಾನಾಗಿ ಜಿನುಗುವ ಒರತೆಗೆ ಕಲ್ಲು ಕಟ್ಟಿ, ಕಾಲುವೆ ತೆಗೆದು, ಗದ್ದೆಗೆ ಹರಿಸಿಕೊಳ್ಳುವ ಹಿರಿಯರ ಏರ್ಪಾಡು. ಬೋರುಗಳು ಆಳಕ್ಕೆ ಹೋದ ಹಾಗೆಲ್ಲ ಇವು ಒಣಗಿಕೊಂಡು ಬಂದಿದ್ದವು.

'ನಲವತ್ತಡೀಲಿ ನೀರು ಕೂತೈತೆ. ಇದಕ್ಕೆ ಸಾವಿರಡಿ ಲಾರಿ ಯಾಕೆ? ಎಪ್ಪತ್ತು ಎಂಬತ್ತಡಿ ಇಳಿಯೋ ಗಾಡಿ ಸಾಕು' ಎಂದರು ಭಾವ. ತರ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. 2011ರ ಅಂತರ್ಜಲದ ಕಾಯಿದೆ ನೆನಪಿಸಿದೆ. ಅಧಿಸೂಚಿತ ಪ್ರದೇಶದಲ್ಲಿ ಬಾವಿಗೆ ಅನುಮತಿ ಬೇಕು, ಕೊರೆಯುವ ಯಂತ್ರಕ್ಕೆ ನೋಂದಣಿ ಬೇಕು. 'ಅರ್ಜಿ ಕೊಟ್ಟಾಯ್ತು, ನಿನ್ನ ಡ್ರಾಯಿಂಗೇ ತಡ' ಎಂದರು.

ಡ್ರಾಯಿಂಗಿಗೆ ಕೂತೆ. ಮನೆಯಾಕೆ ಕೊಟ್ಟ ಕಾಫಿ ಆರಿಹೋಯಿತು. ನಿವೃತ್ತಿಯಾದ ಮೇಲೆ ಮೊದಲ ಸಲ.

ಹೈಡ್ರಾಲಿಕ್ಸಿನ ಮೂಲ ಮಾತು ಒಂದೇ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಯಾವುದಾದರೂ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಹದಿನೇಳನೇ ಶತಮಾನದಲ್ಲೇ ಫ್ರಾನ್ಸಿನ ಪಾಸ್ಕಲ್ ಇದನ್ನು ಕಂಡಿದ್ದ. ಕೈಗೆ ಬರುವ ಯಂತ್ರವಾಗಲು ನೂರು ವರ್ಷದ ಮೇಲೆ ಬೇಕಾಯಿತು. ಲಂಡನ್ನಿನಲ್ಲಿ ಬೀಗ ಮಾಡುತ್ತಿದ್ದ ಬ್ರಾಮಾ 1795ರಲ್ಲಿ ಪ್ರೆಸ್ಸಿಗೆ ಪೇಟೆಂಟು ಪಡೆದ. ಅದು ಸೋರುತ್ತಿತ್ತಂತೆ. ಅವನ ಕೈಕೆಳಗಿದ್ದ ಮಾಡ್ಸ್‌ಲೆ ಎಂಬ ಕುಶಲಿ ಬಟ್ಟಲಿನಾಕಾರದ ಒಂದು ತೊಗಲಿನ ವಾಷರು ಮಾಡಿಕೊಟ್ಟ ಮೇಲೆ ನಿಂತಿತು ಎನ್ನುತ್ತಾರೆ. ಒತ್ತಡ ಹೆಚ್ಚಿದಷ್ಟೂ ಬಟ್ಟಲಿನ ಅಂಚು ಗೋಡೆಗೆ ಇನ್ನಷ್ಟು ಅಂಟಿಕೊಳ್ಳುತ್ತದೆ, ಅಷ್ಟೇ ಉಪಾಯ. ನಮ್ಮೂರ ಬೋರಿಂಗ್ ಕೈಪಂಪು ಬಿಚ್ಚಿದಾಗ ಒಳಗಿಂದ ಬರುತ್ತಿದ್ದ ತೊಗಲಿನ ವಾಷರೂ ಅದೇ ಜಾತಿಯದು. ಪೀಣ್ಯದಲ್ಲಿ ನಾನು ಮೂವತ್ತು ವರ್ಷ ಬದಲಾಯಿಸಿದ ರಬ್ಬರ್ ಸೀಲುಗಳೆಲ್ಲ ಅದರ ಮೊಮ್ಮಕ್ಕಳು.

ಬಲ ಎಷ್ಟು ಬೇಕಾದರೂ ಹುಟ್ಟಿಸಬಹುದು, ಅದು ಸುಲಭದ ಭಾಗ. ರಿಗ್ಗಿಗೆ ಏನೇನು ಕೆಲಸ ಇದೆ ಎಂದು ಬರೆದುಕೊಂಡೆ. ರಾಡು ತಿರುಗಬೇಕು. ತಿರುಗುತ್ತಲೇ ನಿಧಾನಕ್ಕೆ ಇಳಿಯಬೇಕು. ಕೆಸರು ನೀರು ರಾಡಿನೊಳಗಿಂದ ಇಳಿದು, ಕೊರೆದ ಮಣ್ಣನ್ನು ಹೊತ್ತು, ಹೊರಬದಿಯಿಂದ ಮೇಲೆ ಬರಬೇಕು. ಕೊನೆಗೆ ಎಲ್ಲ ರಾಡೂ ವಾಪಸ್ ಮೇಲೇಳಬೇಕು. ಈ ನಾಲ್ಕನೆಯದನ್ನು ನಾನು ಬರೆದುಕೊಂಡದ್ದು ಹಾಳೆಯ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ.

ತಿರುಗುವುದಕ್ಕೆ ಒಂದು ಸುತ್ತಿಗೆ 400 ಸಿಸಿ ಎಣ್ಣೆ ನುಂಗುವ ಆರ್ಬಿಟ್ ಮೋಟರು ಬೆಂಗಳೂರಿನ ಗುಜರಿಯಲ್ಲಿ ಸಿಕ್ಕಿತು. ಇದರ ಲೆಕ್ಕ ಬಲು ಸರಳ. ಒತ್ತಡವನ್ನು ಬಾರ್‌ನಲ್ಲಿ, ಮೋಟರಿನ ಹೊಟ್ಟೆಯನ್ನು ಸಿಸಿಯಲ್ಲಿ ಇಟ್ಟುಕೊಂಡು ಗುಣಿಸಿ 62.8ರಿಂದ ಭಾಗಿಸಿದರೆ ತಿರುಚುವ ಬಲ ನ್ಯೂಟನ್ ಮೀಟರಿನಲ್ಲಿ ಬರುತ್ತದೆ. 140 ಬಾರ್‌ಗೆ ಸುಮಾರು 890. ಸೋರಿಕೆ, ಘರ್ಷಣೆ ಎಂದು ಹತ್ತನೇ ಒಂದು ಪಾಲು ಕಳೆದರೆ 800. ಅಂದರೆ ಒಂದು ಮೀಟರ್ ಉದ್ದದ ಹಾರೆಯ ತುದಿಯಲ್ಲಿ ಎಂಬತ್ತು ಕಿಲೋದ ಆಳೊಬ್ಬ ಜೋತುಬಿದ್ದಷ್ಟು. ಮಣ್ಣಿಗೂ ಕೊಳೆತ ಬಂಡೆಗೂ ಸಾಕು. ನಿಮಿಷಕ್ಕೆ ಅರವತ್ತು ಸುತ್ತು ಬೇಕಾದರೆ 24 ಲೀಟರು ಎಣ್ಣೆ ಬೇಕು. 1500 ಸುತ್ತಿನಲ್ಲಿ ಓಡುವ 20 ಸಿಸಿಯ ಗೇರ್ ಪಂಪು ಲೆಕ್ಕದಲ್ಲಿ ಮೂವತ್ತು ಲೀಟರು ಕೊಟ್ಟರೂ ಕೈಗೆ ಸಿಗುವುದು ಇಪ್ಪತ್ತೇಳು. ಬಾರನ್ನು ಲೀಟರಿನಿಂದ ಗುಣಿಸಿ ಆರುನೂರರಿಂದ ಭಾಗಿಸಿದರೆ ಕಿಲೋವ್ಯಾಟು, 6.3. ಪಂಪಿನ ನಷ್ಟ ಸೇರಿಸಿದರೆ ಹತ್ತು ಎಚ್‌ಪಿ. ರಾಡು ಏರಿಳಿಸುವ ಪುಟ್ಟ ಪಂಪಿಗೆ ಇನ್ನೆರಡು. ಭಾವನ ಹಳೆಯ ಟಿಲ್ಲರಿನ ಎಂಜಿನ್ನು ಹನ್ನೆರಡು. ಕೊಟ್ಟಿಗೆಯಲ್ಲಿ ಒಂದು ಕುದುರೆಯೂ ಮಿಗಲಿಲ್ಲ. ಆದರೆ ಎರಡು ಕೆಲಸಕ್ಕೂ ಒಟ್ಟಿಗೇ ಪೂರಾ ಒತ್ತಡ ಬೇಕಾಗುವ ಗಳಿಗೆ ಅಪರೂಪ.

ಪುಟ್ಟ ಪಂಪು ಬೇರೆ ಯಾಕೆ ಎಂದು ಭಾವ ತಕರಾರು ತೆಗೆದರು. ಒಂದೇ ಪಂಪಿನಿಂದ ಎರಡು ಲಿವರ್ ಎಳೆದರೆ ಆಗದೇ? ಆಗುವುದಿಲ್ಲ. ಎಣ್ಣೆಯಷ್ಟು ಸೋಮಾರಿ ವಸ್ತು ಲೋಕದಲ್ಲಿ ಇನ್ನೊಂದಿಲ್ಲ. ಎರಡು ದಾರಿ ತೆರೆದಿಟ್ಟರೆ ಯಾವ ಕಡೆ ಕೆಲಸ ಹಗುರವೋ ಆ ಕಡೆಗೇ ಹೋಗುತ್ತದೆ. ರಾಡು ಇಳಿಸುವ ಲಿವರ್ ಮುಟ್ಟಿದ ಕೂಡಲೇ ಎಣ್ಣೆಯೆಲ್ಲ ಅತ್ತ ಓಡಿ, ತಿರುಗುವುದು ನಿಂತು, ರಾಡಿನ ತುದಿಯ ಕೊರೆಯುವ ಬಿಟ್ಟು ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಆದ್ದರಿಂದ ಒಂದೇ ಶಾಫ್ಟಿಗೆ ಎರಡು ಪಂಪು, 20 ಸಿಸಿಯದು ತಿರುಗಿಸಲಿಕ್ಕೆ, 4 ಸಿಸಿಯದು ಏರಿಳಿಸಲಿಕ್ಕೆ. ಲಿವರನ್ನು ನಡುವೆ ಬಿಟ್ಟರೆ ಮೋಟರು ಸಡಿಲವಾಗಿ ತೇಲಬೇಕು, ಸಿಲಿಂಡರು ಮಾತ್ರ ನಿಂತ ಜಾಗದಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಹಾಗಾಗಿ ಎರಡರ ವಾಲ್ವೂ ಬೇರೆ ಬೇರೆ ಬಗೆಯವು. ಹೋಸು ಹರಿದರೆ ರಾಡು ತಿರುಗಿಸುವ ಮೇಲಿನ ಹೆಡ್ಡು ರಾಡಿನ ಸಮೇತ ಯಾರ ತಲೆ ಮೇಲೂ ಬೀಳದಂತೆ ಭಾರ ಹಿಡಿಯುವ ವಾಲ್ವು ಇನ್ನೊಂದು. ಪಟ್ಟಿ ಬೆಳೆಯಿತು. ಭಾವ ಪ್ರತಿಯೊಂದಕ್ಕೂ 'ಇದಿಲ್ದೆ ಆಗಲ್ವಾ' ಎಂದು ಕೇಳಿದರು, ನಾನು ಪ್ರತಿಯೊಂದಕ್ಕೂ ಆಗಲ್ಲ ಎಂದೆ. ನಮ್ಮಿಬ್ಬರ ನಡುವೆ ಇಷ್ಟು ಮಾತು ಅಕ್ಕನ ಮದುವೆಯಾದಾಗಿನಿಂದ ಆಗಿರಲಿಲ್ಲ.

ಏರಿಳಿಸಲು 63 ಮಿಲಿಮೀಟರ್ ಒಳವ್ಯಾಸದ, ಒಂದೂವರೆ ಮೀಟರ್ ಓಟದ ಸಿಲಿಂಡರು. ಅದರ ತುದಿಗೆ ಗಾಲಿ ಕಟ್ಟಿ ಚೈನು ಸುತ್ತಿದರೆ ಹೆಡ್ಡು ಮೂರು ಮೀಟರು ಓಡುತ್ತದೆ, ಬಲ ಅರ್ಧವಾಗುತ್ತದೆ. ಹತ್ತಡಿಯ ರಾಡಿಗೆ ಅಳತೆ ಸರಿಯಾಯಿತು.

ತೊಟ್ಟಿಗೆ ಇನ್ನೂರು ಲೀಟರಿನ ಡ್ರಮ್ಮನ್ನು ಉದ್ದಕ್ಕೆ ಸೀಳಿದರು. ಎರಡೂ ಪಂಪು ಸೇರಿ ನಿಮಿಷಕ್ಕೆ ಹೊಡೆಯುವ ಎಣ್ಣೆಯ ಎರಡೂವರೆ ಪಾಲಾದರೂ ತೊಟ್ಟಿಯಲ್ಲಿರಬೇಕು. ವಾಪಸ್ ಬಂದ ಎಣ್ಣೆ ತಣ್ಣಗಾಗಿ, ಗಾಳಿಗುಳ್ಳೆ ಬಿಟ್ಟುಕೊಂಡು, ಕಸ ಕೆಳಗಿಳಿಸಿ, ಆಮೇಲೆ ಮತ್ತೆ ಪಂಪಿಗೆ ಹೋಗಬೇಕು. ನಡುವೆ ಒಂದು ಅಡ್ಡ ತಗಡು. ಆ ಡ್ರಮ್ಮು ಅಕ್ಕ ಹಸುವಿಗೆ ಬೂಸಾ ತುಂಬಿಡುತ್ತಿದ್ದದ್ದು ಎಂದು ನನಗೆ ತಿಳಿಯುವಷ್ಟರಲ್ಲಿ ವೆಲ್ಡಿಂಗ್ ಮುಗಿದಿತ್ತು. 'ಎಣ್ಣೆ ಕಂಪನಿಯವ್ನು, ಒಂದು ಡ್ರಮ್ಮು ತರಕ್ಕಾಗ್ಲಿಲ್ವಾ ನಿಂಗೆ' ಎಂದಳು.

ಮೊದಲ ದಿನ ಎಂಜಿನ್ನು ಹೊಡೆದಾಗ ಪಂಪು ಕಲ್ಲು ಜಗಿದ ಹಾಗೆ ಸದ್ದು ಮಾಡಿತು. ನನಗೆ ಗೊತ್ತಿದ್ದ ಸದ್ದು. ಪಂಪಿಗೆ ಬಾಯಿ ತುಂಬ ಎಣ್ಣೆ ಸಿಗದಿದ್ದರೆ ಒಳಗೆ ಗುಳ್ಳೆಗಳೆದ್ದು ಒಡೆಯುತ್ತವೆ, ಲೋಹವನ್ನೇ ತಿನ್ನುತ್ತವೆ. ಹೋಗಿ ನೋಡಿದರೆ, ತೊಟ್ಟಿಯಿಂದ ಪಂಪಿಗೆ ಭಾವ ಹಾಕಿದ್ದು ತೋಟಕ್ಕೆ ನೀರು ಹಾಯಿಸುವ ಹಸಿರು ಪೈಪು. ಎಳೆತಕ್ಕೆ ಅದು ಒಣಗಿದ ಹೀರೇಕಾಯಿಯ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಒಳಗೆ ತಂತಿಯ ಸುರುಳಿ ಇರುವ ದಪ್ಪ ಹೋಸು ಹಾಕಿಸಿ, ತೊಟ್ಟಿಯನ್ನು ಪಂಪಿಗಿಂತ ಮೇಲೆ ಏರಿಸಿದೆವು. ಸದ್ದು ನಿಂತಿತು.

ಅವತ್ತೇ ಇನ್ನೊಂದಾಯಿತು. ವೆಲ್ಡಿಂಗಿನ ಹುಡುಗ ಹೋಸಿನ ಬಾಯಿಯ ಹತ್ತಿರ ಎಣ್ಣೆಯ ಮಂಜು ಹಾರುವುದನ್ನು ಕಂಡು, ಎಲ್ಲಿಂದ ಎಂದು ನೋಡಲು ಬೆರಳು ಆಡಿಸಹೊರಟ. ನಾನು ಕೂಗಿದ ಕೂಗಿಗೆ ಹುಣಸೆಮರದ ಕೊಕ್ಕರೆಗಳು ಎದ್ದವು. ಸೂಜಿಮೊನೆಯಷ್ಟು ತೂತಿನಿಂದ ಆ ಒತ್ತಡದಲ್ಲಿ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ ಕಾಣುತ್ತದೆ, ನೋವೂ ಅಷ್ಟಿರುವುದಿಲ್ಲ. ತಡ ಮಾಡಿದರೆ ಬೆರಳೇ ಹೋಗುತ್ತದೆ. ನನ್ನ ಕಣ್ಣೆದುರಿಗೇ ಹಾಗೆ ಒಂದು ಬೆರಳು ಹೋಗಿದೆ, ಅದನ್ನು ಇಲ್ಲಿ ಬರೆಯುವ ಮನಸ್ಸಿಲ್ಲ. ರಟ್ಟಿನ ತುಂಡು ಹಿಡಿದು ನೋಡಬೇಕು, ಅದೂ ದೂರದಿಂದ. ಎಂಜಿನ್ನು ಆರಿಸಿ ನೋಡುವುದು ಇನ್ನೂ ಉತ್ತಮ.

ಕೊರೆಯಲು ಶುರು ಮಾಡಿದ್ದು ಒಂದು ಸೋಮವಾರ. ಭಾವ ಮಂಗಳವಾರ ಅಂದಿದ್ದರು, ಅಕ್ಕ ಬೇಡವೆಂದಳು. ಕೆಸರಿಗೆ ಪೇಟೆಯ ಬೆಂಟೊನೈಟಿನ ಬದಲು ಕೆರೆಗೋಡು ಕಲಸಿದೆವು. ಜಿಗಟು ಮಣ್ಣು ತೂತಿನ ಗೋಡೆಗೆ ಸಾರಿಸಿದ ಹಾಗೆ ಮೆತ್ತಿಕೊಂಡು ಕುಸಿಯದಂತೆ ಹಿಡಿಯುತ್ತದೆ. ಕೆಸರು ತಳ್ಳಲು ಬೇರೆಯೇ ಡೀಸೆಲ್ ಪಂಪ್‌ಸೆಟ್ಟು. ಮೊದಲ ಹತ್ತಡಿ ಕೆಮ್ಮಣ್ಣು ಬೆಣ್ಣೆಯ ಹಾಗೆ ಬಂತು. ಆಮೇಲೆ ಮರಳು, ಆಮೇಲೆ ಸುದ್ದೆ, ಮೂವತ್ತಡಿಯಾಚೆ ಕೊಳೆತ ಬಂಡೆಯ ನುರುಜು. ಗುಂಡಿಗೆ ಬಂದು ಬೀಳುವ ಕೆಸರನ್ನು ಭಾವ ಅಂಗೈಗೆ ತೆಗೆದುಕೊಂಡು, ಉಜ್ಜಿ, ಮೂಸಿ ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಐದನೇ ರಾಡು ಅರ್ಧ ಇಳಿದಿತ್ತು, ನಲವತ್ತೈದಡಿ. ನನ್ನ ಸರ್ಕ್ಯೂಟು ಕೆಲಸ ಮಾಡುತ್ತಿತ್ತು. ಮೀಟರಿನ ಮುಳ್ಳು ತೊಂಬತ್ತರ ಹತ್ತಿರ ಸಣ್ಣಗೆ ನಡುಗುತ್ತಿತ್ತು. ನಿವೃತ್ತಿಯ ದಿನ ಹಾಕಿದ ಹಾರಕ್ಕಿಂತ ಆ ನಡುಕ ನನಗೆ ಹೆಚ್ಚು ಸಂತೋಷ ಕೊಟ್ಟಿತು.

ಅಷ್ಟರಲ್ಲಿ ಅಕ್ಕ ಮುದ್ದೆ ಆರುತ್ತದೆಂದು ಕೂಗಿದಳು. ಎಲ್ಲ ಎಂಜಿನ್ನೂ ಆರಿಸಿ ಊಟಕ್ಕೆ ಹೋದೆವು. ಹುರುಳಿ ಬಸ್ಸಾರು. ಒಂದು ಗಂಟೆ ಆಗಿರಬಹುದು.

ಕೆಸರಿನ ಓಟ ನಿಂತರೆ ಅದು ಹೊತ್ತು ತರುತ್ತಿದ್ದ ಮರಳು, ನುರುಜು ಎಲ್ಲ ತಳಕ್ಕೆ ಕೂರುತ್ತವೆ ಎಂದು ತಿಳಿಯಲು ಇಂಜಿನಿಯರಾಗಬೇಕಿಲ್ಲ, ರಾಗಿ ಜಾಲಿಸಿದ ಹೆಂಗಸರಿಗೆಲ್ಲ ಗೊತ್ತು. ಊಟಕ್ಕೆ ಮುಂಚೆ ರಾಡುಗಳನ್ನು ಎತ್ತಿಡಬೇಕಿತ್ತು. ಬಂದು ನೋಡಿದಾಗ ಬಿಟ್ಟಿನ ಸುತ್ತ ಗಾರೆ ಹಾಕಿದ ಹಾಗೆ ಕಚ್ಚಿಕೊಂಡಿತ್ತು. ತಿರುಗಿಸಿದರೆ ತಿರುಗದು, ಎಳೆದರೆ ಬಾರದು. ಮುಳ್ಳು 140ಕ್ಕೆ ಹೋಗಿ ನಿಂತಿತು. ರಿಲೀಫ್ ವಾಲ್ವು ಸುಯ್‌ಗುಟ್ಟತೊಡಗಿತು.

ಇಡೀ ಯಂತ್ರದಲ್ಲಿ ಸೋಲಲೆಂದೇ ಇರುವ ಭಾಗ ಅದೊಂದೇ. ಕೆಲಸ ನಿಂತರೂ ಪಂಪು ನಿಲ್ಲುವುದಿಲ್ಲ. ಎಣ್ಣೆಗೆ ಒಂದು ಬಾಗಿಲು ಬಿಡದಿದ್ದರೆ ಹೋಸೋ ಪಂಪೋ ಚೈನೋ, ಯಾವುದಾದರೂ ಹರಿಯುತ್ತದೆ. ಆದರೆ ಆ ಬಾಗಿಲಿನಿಂದ ಹೊರಟ ಶಕ್ತಿ ಎಲ್ಲಿಗೂ ಹೋಗುವುದಿಲ್ಲ, ಬಿಸಿಯಾಗಿ ಎಣ್ಣೆಯಲ್ಲೇ ಕೂರುತ್ತದೆ. ಎರಡೂ ಪಂಪಿನದು ಸೇರಿ ಏಳೂವರೆ ಕಿಲೋವ್ಯಾಟು, ಎಂದರೆ ಏಳೆಂಟು ಇಸ್ತ್ರಿಪೆಟ್ಟಿಗೆಗಳನ್ನು ತೊಟ್ಟಿಗೆ ಅದ್ದಿಟ್ಟ ಹಾಗೆ. ಎಂಬತ್ತು ಲೀಟರು ಎಣ್ಣೆ ಹತ್ತು ನಿಮಿಷದಲ್ಲಿ ಮೂವತ್ತು ಡಿಗ್ರಿ ಏರುತ್ತದೆ. ಬೂಸಾ ಡ್ರಮ್ಮಿನ ಮೇಲೆ ಕೈಯಿಟ್ಟೆ, ಇಡಲಾಗಲಿಲ್ಲ.

'ಆ ತಿರುಪು ಇನ್ನೊಂಚೂರು ಬಿಗಿ ಮಾಡು' ಎಂದರು ಭಾವ. ಜಗತ್ತಿನ ಎಲ್ಲ ಮಾಲೀಕರೂ ಎಲ್ಲ ರಿಲೀಫ್ ವಾಲ್ವುಗಳ ಮುಂದೆ ನಿಂತು ಹೇಳುವ ಮಾತು ಇದು. ಪೀಣ್ಯದಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ. ಚೈನೂ, ಗ್ಯಾರೇಜಿನಲ್ಲಿ ವೆಲ್ಡ್ ಮಾಡಿದ ಕಂಬವೂ 140ಕ್ಕೆಂದೇ ಲೆಕ್ಕ ಹಾಕಿದವು. ಆಗಲ್ಲ ಎಂದೆ. ಭಾವ ಮಾತಾಡಲಿಲ್ಲ. ಹೂತಿದ್ದ ರಾಡು ಅವರ ದುಡ್ಡಿನದು.

ಪಕ್ಕದ ಹೊಲದ ತಾತ ಬೆಳಗಿನಿಂದ ಹುಣಸೆಮರದಡಿ ಕೂತು ನೋಡುತ್ತಿದ್ದರು. ಎಂಬತ್ತು ದಾಟಿದವರು. ಪ್ರಾಯದಲ್ಲಿ ಕಪಿಲೆ ಹೊಡೆದವರು. ಕಪಿಲೆ ಬಾವಿ ನೋಡಿದವರು ಈಗ ಕಡಿಮೆ. ಬಾವಿಯ ದಡದಿಂದ ಆಚೆಗೆ ಒಂದು ಇಳಿಜಾರು ಇರುತ್ತದೆ. ಎತ್ತುಗಳು ಮಿಣಿ ಎಳೆದುಕೊಂಡು ಆ ಇಳಿಜಾರಿನಲ್ಲಿ ಇಳಿಯುತ್ತವೆ, ಬಾವಿಯಿಂದ ನೀರು ತುಂಬಿದ ಬಾನಿ ಮೇಲೆ ಬರುತ್ತದೆ. ಆಮೇಲೆ ಎತ್ತುಗಳು ಹಿಂದಹಿಂದಕ್ಕೆ ಹೆಜ್ಜೆ ಹಾಕಿ ಏರು ಹತ್ತುತ್ತವೆ, ಬರಿದಾದ ಬಾನಿ ಕೆಳಗಿಳಿಯುತ್ತದೆ.

ತಾತ ಎದ್ದು ಬಂದು ಸಿಲಿಂಡರಿಗೆ ಕೋಲು ಮುಟ್ಟಿಸಿ ಕೇಳಿದರು. 'ಇದೇನಪ್ಪಾ ನಿಮ್ಮ ಎತ್ತು?'

ಹೌದು ಎಂದೆ.

'ಎರಡು ಕಡೆಗೂ ಒಂದೇ ಸಮ ಎಳೀತದಾ?'

ಇಲ್ಲ ಎಂದೆ. ಸಿಲಿಂಡರಿನೊಳಗಿನ ಬಿಲ್ಲೆಗೆ ಒಂದು ಬದಿಯಲ್ಲಿ ಪೂರ್ತಿ ಜಾಗ, ಇನ್ನೊಂದು ಬದಿಯಲ್ಲಿ ದಂಡ ಕೂತಿರುವಷ್ಟು ಜಾಗ ಕಡಿಮೆ. ಹೊರಕ್ಕೆ ತಳ್ಳುವಾಗ ಬಲ ಹೆಚ್ಚು, ಒಳಕ್ಕೆ ಎಳೆಯುವಾಗ ಕಡಿಮೆ. ಇದನ್ನು ಆದಷ್ಟು ತಿಳಿಯಾಗಿ ಹೇಳಿದೆ.

'ಹಂಗಾದ್ರೆ ಭಾರ ಎತ್ತೋವಾಗ ನಿಮ್ಮ ಎತ್ತು ಇಳಿಜಾರು ಇಳೀತಾ ಐತೋ, ಏರು ಹತ್ತತಾ ಐತೋ?'

ನಾನು ಸುಮ್ಮನೆ ನಿಂತೆ. ಮೂವತ್ತು ವರ್ಷ ಪ್ರೆಸ್ಸು ಬರೆದ ಕೈ ನನ್ನದು. ಪ್ರೆಸ್ಸಿನಲ್ಲಿ ಬಲ ಬೇಕಾದದ್ದೆಲ್ಲ ಕೆಳಕ್ಕೆ, ಮೇಲಕ್ಕೆ ಬರುವುದು ಖಾಲಿ ಓಟ. ಆ ಅಭ್ಯಾಸದಲ್ಲೇ ಇಲ್ಲೂ ಸಿಲಿಂಡರಿನ ದೊಡ್ಡ ಬದಿಯನ್ನು ಕೆಳಕ್ಕೆ ಒತ್ತುವುದಕ್ಕೆ ಕೊಟ್ಟು, ಸಣ್ಣ ಬದಿಯನ್ನು ಮೇಲೆತ್ತುವುದಕ್ಕೆ ಉಳಿಸಿದ್ದೆ. ಕೊರೆಯುವ ಯಂತ್ರದಲ್ಲಿ ಎಲ್ಲ ತಿರುಗುಮುರುಗು. ಇಳಿಯಲು ರಾಡಿನ ಭಾರವೇ ಮುಕ್ಕಾಲು ಸಹಾಯ ಮಾಡುತ್ತದೆ, ಒತ್ತಡವನ್ನು ನಲವತ್ತು ಬಾರ್‌ಗೆ ತಗ್ಗಿಸಿಯೇ ನಾನು ಇಳಿಸುತ್ತಿದ್ದೆ. ಬಲ ಬೇಕಾದದ್ದು ಎತ್ತುವಾಗ. ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೆನಲ್ಲ, ಆ ನಾಲ್ಕನೆಯ ಕೆಲಸ.

ನನ್ನ ಹತ್ತಿರ ಒಂದು ಸಬೂಬಿತ್ತು. ಎಳೆಯುವಾಗ ದಂಡ ಬಾಗುವುದಿಲ್ಲ, ತಳ್ಳುವಾಗ ಉದ್ದ ದಂಡ ಬೆತ್ತದ ಹಾಗೆ ಬಾಗಬಹುದು. ತಾತನಿಗೆ ಅದನ್ನು ಹೇಳಲಿಲ್ಲ. ಲೆಕ್ಕ ಮಾಡಿದೆ. ಸಣ್ಣ ಬದಿಯಿಂದ 140 ಬಾರ್‌ಗೆ ಚೈನಿನ ಅರ್ಧ ಕಳೆದು ಸಿಗುತ್ತಿದ್ದದ್ದು ಸುಮಾರು 1,540 ಕಿಲೋ. ಸಿಲಿಂಡರನ್ನು ತಲೆಕೆಳಗು ಮಾಡಿ ಕಟ್ಟಿದರೆ 2,220. ಅದೇ ಪಂಪು, ಅದೇ ಎಣ್ಣೆ, ಅದೇ ಒತ್ತಡ, ಹೆಚ್ಚು ಸಿಗುವುದು ಏಳುನೂರು ಕಿಲೋ ಎಳೆತ. ಒಂದು ಜೊತೆ ಒಳ್ಳೆ ಹಳ್ಳಿಕಾರ್ ಎತ್ತಿನ ತೂಕ.

ರಾತ್ರಿಯೆಲ್ಲ ಕೆಲಸ. ಹೂತ ರಾಡುಗಳನ್ನು ನೆಲಮಟ್ಟದಲ್ಲಿ ಕ್ಲಾಂಪು ಹಾಕಿ ಹಿಡಿದು, ಹೆಡ್ಡಿನಿಂದ ಬಿಚ್ಚಿ, ಸಿಲಿಂಡರನ್ನು ಚೈನ್ ಬ್ಲಾಕಿನಿಂದ ಇಳಿಸಿ ತಿರುಗಿಸಿದೆವು. ದಂಡ ಬಾಗದಂತೆ ಸಿಲಿಂಡರಿನ ಕೊರಳನ್ನು ಕಂಬಕ್ಕೆ ಬಿಗಿದು, ತುದಿಯ ಗಾಲಿಗೆ ಎರಡೂ ಬದಿಯಲ್ಲಿ ಹಳಿ ಕೊಟ್ಟೆವು. ಭಾರ ಹಿಡಿಯುವ ವಾಲ್ವನ್ನು ಇನ್ನೊಂದು ಬಾಯಿಗೆ ಬದಲಾಯಿಸಬೇಕು ಎಂದು ನೆನಪಾಗಿದ್ದು ಬೆಳಗಿನ ಜಾವ, ಎಲ್ಲ ನಟ್ಟೂ ಬಿಗಿದಾದ ಮೇಲೆ. ಮತ್ತೆ ಬಿಚ್ಚಿದೆವು. ಇತ್ತ ಪಂಪ್‌ಸೆಟ್ಟು ಹೂತ ರಾಡಿನೊಳಕ್ಕೆ ರಾತ್ರಿಯಿಡೀ ತಿಳಿನೀರು ತಳ್ಳುತ್ತಲೇ ಇತ್ತು. ಅಕ್ಕ ಮೂರು ಸಲ ಟೀ ತಂದಳು. ಮೂರನೇ ಸಲ ನನ್ನ ಮೈಕೈ ನೋಡಿ, 'ಈಗ ಗೊತ್ತಾಯ್ತು ಬಿಡು ನಿನ್ನ ಎಣ್ಣೆ ಕಂಪನಿ ಏನೂಂತ' ಎಂದಳು.

ಬೆಳಗ್ಗೆ ಏಳಕ್ಕೆ ಲಿವರ್ ಎಳೆದೆ. ಮುಳ್ಳು ತೊಂಬತ್ತು ದಾಟಿತು, ನೂರು, ನೂರಹತ್ತು. ಕಂಬ ನರಳಿತು. ನೂರಿಪ್ಪತ್ತರ ಹತ್ತಿರ ಹೋಗಿ ಒಮ್ಮೆಗೇ ಎಪ್ಪತ್ತಕ್ಕೆ ಬಿತ್ತು. ಚೈನು ಹರಿಯಿತೆಂದೇ ನಾನು ಕಣ್ಣು ಮುಚ್ಚಿದೆ. ಭಾವ 'ಬತ್ತಾ ಐತೆ, ಬತ್ತಾ ಐತೆ' ಎಂದು ಕೂಗಿದರು. ಐದೂ ರಾಡು ಮೇಲೆ ಬಂದ ಮೇಲೆ ತಾತ ಕೋಲಿನಿಂದ ಒಂದೊಂದನ್ನೇ ಮುಟ್ಟಿ ಎಣಿಸಿ, ಮನೆಗೆ ಹೊರಟರು.

ಉಳಿದದ್ದು ಬೇಗ ಮುಗಿಯಿತು. ಅರವತ್ತೆರಡನೇ ಅಡಿಗೆ ಬಿಟ್ಟು ಕುಣಿಯತೊಡಗಿತು. ಗಟ್ಟಿ ಬಂಡೆ, ಅರ್ಧ ದಿನಕ್ಕೆ ಮೂರಂಗುಲ. ಅಲ್ಲಿಂದ ಕೆಳಗೆ ತಿರುಚೆಂಗೋಡಿನವರ ರಾಜ್ಯ, ಗಾಳಿ ಹ್ಯಾಮರಿಲ್ಲದೆ ನಮ್ಮ ಟಿಲ್ಲರ್ ಎಂಜಿನ್ನಿಗೆ ಪ್ರವೇಶವಿಲ್ಲ. ನಿಲ್ಲಿಸಿದೆವು. ಪಿವಿಸಿ ಪೈಪಿಗೆ ಗರಗಸದಿಂದ ಗೆರೆ ಸೀಳಿ ಇಳಿಸಿ, ಸುತ್ತ ಸಣ್ಣ ಜಲ್ಲಿ ಸುರಿದು, ಕೆಸರು ಹೋಗಿ ತಿಳಿನೀರು ಬರುವವರೆಗೆ ತೊಳೆದೆವು. ನೀರು ಮೂವತ್ತೆಂಟಡಿಗೆ ಬಂದು ನಿಂತಿತು. ಒಂದು ಗಂಟೆ ಪಂಪು ಓಡಿಸಿದರೆ ಒಂದು ಗಂಟೆ ಬಿಡುವು ಕೊಡಬೇಕು. ಅಡಕೆಗೆ ಸಾಲದು, ಹಿತ್ತಲ ತರಕಾರಿಗೂ ನಾಲ್ಕು ಹಸುವಿಗೂ ಧಾರಾಳ. ಮಳೆ ಕೈಕೊಟ್ಟ ವರ್ಷ ಅದೂ ಇರುವುದಿಲ್ಲ, ಭಾವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ತೂತಿನ ಬಾಯಿಗೆ ಅವತ್ತೇ ಸಂಜೆ ಕಬ್ಬಿಣದ ಮುಚ್ಚಳ ಹಾಕಿ ಬೋಲ್ಟು ಬಿಗಿದರು.

ನಾನು ಬೆಂಗಳೂರಿಗೆ ಬಂದು ಎರಡು ವಾರವಾಗಿತ್ತು. ಮತ್ತೆ ಬೆಳಗಿನ ಆರು ಗಂಟೆಗೆ ಫೋನು.

'ತಾತಂದು ಹಳೇ ಕಪಿಲೆ ಬಾವಿ ಐತಲ್ಲ, ಅದರ ತಳದಲ್ಲಿ ಒಂದು ತೂತು ಹಾಕ್ಕೊಡಿ ಅಂತವ್ರೆ. ಮೂವತ್ತಡಿ ಒಳಕ್ಕೆ ಗಾಡಿ ಇಳಿಸ್ಬೇಕು. ಬಿಚ್ಚಿ ಇಳಿಸಿ ಒಳಗೇ ಜೋಡಿಸೋ ಹಂಗೆ ಒಂದು ಡ್ರಾಯಿಂಗ್ ಬರಿ.'

'ಇಳಿಸೋದಿರಲಿ ಭಾವ, ಮೇಲಕ್ಕೆ ಎತ್ತೋದು ಹೆಂಗೆ?' ಎಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹಸುವಿನ ಗಂಟೆ ಕೇಳಿಸಿತು, ಅಕ್ಕ ಯಾರನ್ನೋ ಬೂಸಾ ಡ್ರಮ್ಮಿನ ವಿಚಾರಕ್ಕೆ ಬೈಯುತ್ತಿದ್ದದ್ದು ಕೇಳಿಸಿತು.

'ಇರು, ತಾತನ್ನೇ ಕೇಳ್ಕಂಡು ಮಾಡ್ತೀನಿ' ಎಂದು ಫೋನಿಟ್ಟರು.